ಕಾಗದ ಕಾರ್ಖಾನೆಯ ತ್ಯಾಜ್ಯನೀರು ಮತ್ತು ಮೀನಿನ ಆರೋಗ್ಯ: ಉದ್ಯಮಿಗಳಿಗೊಂದು ಅಧ್ಯಯನ

ಕಾಗದ ತಯಾರಿಕೆಯು ಹೆಚ್ಚು ನೀರನ್ನು ಬೇಡುವ ಉದ್ಯಮಗಳಲ್ಲಿ ಒಂದು. ಈ ಕಾರಣದಿಂದಲೇ ದೊಡ್ಡ ಕಾಗದ ಕಾರ್ಖಾನೆಗಳು ನದಿ ದಂಡೆಗಳಲ್ಲಿ ಸ್ಥಾಪನೆಗೊಂಡಿವೆ. ಕರ್ನಾಟಕದಲ್ಲಿಯೂ ಭದ್ರಾವತಿಯ ಕಾರ್ಖಾನೆ ಭದ್ರಾ ನದಿಯನ್ನು, ದಾಂಡೇಲಿಯ ಕಾರ್ಖಾನೆ ಕಾಳಿ ನದಿಯನ್ನು, ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ ರೇಯಾನ್‌ಗೆ ಬೇಕಾದ ತಿರುಳನ್ನು ತಯಾರಿಸುವ ಘಟಕವು ತುಂಗಭದ್ರೆಯನ್ನು ಆಶ್ರಯಿಸಿ ಬೆಳೆದವು. ನದಿಯಿಂದ ಪಡೆದ ನೀರಿನ ಬಹುಪಾಲು ಮತ್ತೆ ತ್ಯಾಜ್ಯನೀರಿನ ರೂಪದಲ್ಲಿ ಹೊರಬರುತ್ತದೆ. ಅದು ನದಿಯನ್ನು ಸೇರಿದಾಗ ಅದರ ಪರಿಣಾಮವನ್ನು ಮೊದಲು ಅನುಭವಿಸುವ ಜೀವಿಗಳಲ್ಲಿ ಮೀನು ಮುಖ್ಯವಾದುದು.

ತ್ಯಾಜ್ಯನೀರು ಕಾನೂನು ವಿಧಿಸಿದ ಮಿತಿಯೊಳಗಿದ್ದರೆ, ಮೀನು ಸಾಯದೆ ಇದ್ದರೆ, ಕಾರ್ಖಾನೆಯ ಹೊಣೆ ಮುಗಿಯಿತೆಂಬ ಭಾವನೆ ಉದ್ಯಮ ವಲಯದಲ್ಲಿ ಸಾಮಾನ್ಯವಾಗಿದೆ. ಕಳೆದ ನಾಲ್ಕು ದಶಕಗಳಲ್ಲಿ ಸ್ವೀಡನ್, ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ನಡೆದ ಅಧ್ಯಯನಗಳು ಈ ಭಾವನೆ ಪೂರ್ಣ ಸತ್ಯವಲ್ಲವೆಂದು ತೋರಿಸಿವೆ. ಮೀನು ಸಾಯದೆಯೂ ಅದರ ಸಂತಾನಶಕ್ತಿ ಕುಗ್ಗಬಹುದು. ಹಾಗೆ ಕುಗ್ಗಿದುದು ಪ್ರಯೋಗಾಲಯದ ಮಾಸಿಕ ವರದಿಯಲ್ಲಿ ಕಾಣಿಸುವುದಿಲ್ಲ. ಉದ್ಯಮಿಗಳು, ವ್ಯವಸ್ಥಾಪಕರು ಮತ್ತು ಲೆಕ್ಕಪರಿಶೋಧಕರು ಈ ವಿಷಯವನ್ನು ಅರಿತಿರುವುದು ಏಕೆ ಅವಶ್ಯಕವೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ತ್ಯಾಜ್ಯನೀರಿನಲ್ಲಿ ಏನಿರುತ್ತದೆ?

ಮರ ಅಥವಾ ಬಿದಿರಿನಲ್ಲಿ ಕಾಗದಕ್ಕೆ ಬೇಕಾದ ಭಾಗ ಸೆಲ್ಯುಲೋಸ್ ನಾರು. ಈ ನಾರುಗಳನ್ನು ಹಿಡಿದಿಟ್ಟಿರುವ ಅಂಟಿನಂತಹ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಮರದ ಚೂರುಗಳನ್ನು ಕ್ಷಾರದ ದ್ರಾವಣದಲ್ಲಿ ಹೆಚ್ಚಿನ ಉಷ್ಣತೆ ಮತ್ತು ಒತ್ತಡದಲ್ಲಿ ಬೇಯಿಸಿದಾಗ ಲಿಗ್ನಿನ್ ಕರಗಿ ನಾರು ಬೇರ್ಪಡುತ್ತದೆ. ಉಳಿದ ಕಡುಗಪ್ಪು ದ್ರಾವಣವನ್ನು ಉದ್ಯಮದಲ್ಲಿ ಬ್ಲ್ಯಾಕ್ ಲಿಕರ್ ಎಂದು ಕರೆಯುತ್ತಾರೆ. ದೊಡ್ಡ ಕಾರ್ಖಾನೆಗಳು ಇದನ್ನು ಗಟ್ಟಿಯಾಗಿಸಿ ಬಾಯ್ಲರ್‌ನಲ್ಲಿ ಸುಟ್ಟು ಉಗಿಯನ್ನೂ ರಾಸಾಯನಿಕವನ್ನೂ ಮರಳಿ ಪಡೆಯುತ್ತವೆ. ಈ ವ್ಯವಸ್ಥೆ ಇಲ್ಲದ ಸಣ್ಣ ಘಟಕಗಳಲ್ಲಿ ಅದೇ ದ್ರಾವಣ ತ್ಯಾಜ್ಯವಾಗಿ ಪರಿಣಮಿಸುತ್ತದೆ. ವ್ಯವಸ್ಥೆ ಇರುವ ಕಾರ್ಖಾನೆಗಳಲ್ಲಿಯೂ ಸೋರಿಕೆ, ಉಕ್ಕಿ ಹರಿಯುವಿಕೆ ಮತ್ತು ತೊಳೆಯುವ ಹಂತದ ನಷ್ಟಗಳ ಮೂಲಕ ಅದರ ಒಂದಂಶ ಚರಂಡಿ ಸೇರುತ್ತದೆ.

ಅನಂತರದ ಹಂತ ತಿರುಳನ್ನು ಬಿಳುಪಾಗಿಸುವುದು. ಹಿಂದೆ ಇದಕ್ಕೆ ಕ್ಲೋರಿನ್ ಅನಿಲವನ್ನು ಬಳಸಲಾಗುತ್ತಿತ್ತು. ಅದು ಲಿಗ್ನಿನ್‌ನೊಡನೆ ಸೇರಿ ಸಾವಯವ ಕ್ಲೋರಿನ್ ಸಂಯುಕ್ತಗಳನ್ನು ಉಂಟುಮಾಡುತ್ತದೆ. ಇವುಗಳ ಒಟ್ಟು ಪ್ರಮಾಣವನ್ನು ಎಒಎಕ್ಸ್ ಎಂಬ ಅಳತೆಯಿಂದ ಸೂಚಿಸುತ್ತಾರೆ. ಇವುಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿಯೂ ಅಪಾಯಕಾರಿಯಾದ ಡಯಾಕ್ಸಿನ್ ಸಹ ಸೇರಿರುತ್ತದೆಂಬುದು 1980ರ ದಶಕದಲ್ಲಿ ಬಯಲಾಯಿತು. ಆ ಬಳಿಕ ಕ್ಲೋರಿನ್ ಅನಿಲದ ಬದಲು ಕ್ಲೋರಿನ್ ಡೈಆಕ್ಸೈಡ್ ಬಳಸುವ ವಿಧಾನ ಹರಡಿತು.

ಹೀಗೆ ಹೊರಬರುವ ನೀರಿನಲ್ಲಿ ಕಾಣುವ ಮುಖ್ಯ ಅಂಶಗಳು ಇವು:

1. ಕೊಳೆಯುವ ಸಾವಯವ ವಸ್ತು. ಇದು ಕೊಳೆಯಲು ಬೇಕಾಗುವ ಆಮ್ಲಜನಕದ ಪ್ರಮಾಣವೇ ಬಿಒಡಿ.
2. ತೇಲುವ ನಾರು ಮತ್ತು ಸೂಕ್ಷ್ಮ ಕಣಗಳು.
3. ಲಿಗ್ನಿನ್‌ನಿಂದ ಬರುವ ಕಂದು ಬಣ್ಣ.
4. ಮರದ ಅಂಟಿನಲ್ಲಿರುವ ರೆಸಿನ್ ಆಮ್ಲಗಳು. ಪೈನ್ ಮುಂತಾದ ಮರಗಳಲ್ಲಿ ಇವು ಹೆಚ್ಚು. ನೀಲಗಿರಿ, ಬಿದಿರುಗಳಲ್ಲಿ ಕಡಿಮೆ.
5. ಸಸ್ಯಗಳಲ್ಲಿ ಸಹಜವಾಗಿರುವ ಸ್ಟೆರಾಲ್‌ಗಳು, ಮುಖ್ಯವಾಗಿ ಬೀಟಾ-ಸಿಟೊಸ್ಟೆರಾಲ್.
6. ಬಿಳುಪು ಹಂತದ ಕ್ಲೋರಿನ್ ಸಂಯುಕ್ತಗಳು.

ಮೀನಿನ ದೇಹದ ಮೇಲೆ ಆಗುವ ಪರಿಣಾಮ

ಪರಿಣಾಮಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ತಕ್ಷಣದ ಪರಿಣಾಮ. ಶುದ್ಧೀಕರಿಸದ ತ್ಯಾಜ್ಯನೀರು ನದಿಗೆ ಸೇರಿದಾಗ ಸೂಕ್ಷ್ಮಜೀವಿಗಳು ಸಾವಯವ ವಸ್ತುವನ್ನು ಕೊಳೆಸುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನು ಉಸಿರಾಡುವುದು ಈ ಆಮ್ಲಜನಕವನ್ನೇ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ತೇಲುವ ನಾರು ಕಿವಿರುಗಳಿಗೆ ಅಂಟಿ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ತಳಕ್ಕಿಳಿದು ಮೊಟ್ಟೆಯಿಡುವ ಮರಳು, ಜಲ್ಲಿಯ ತಾಣಗಳನ್ನು ಮುಚ್ಚುತ್ತದೆ. ರೆಸಿನ್ ಆಮ್ಲಗಳು ರಕ್ತಕಣಗಳನ್ನು ಒಡೆದು ಕಾಮಾಲೆಯಂತಹ ಸ್ಥಿತಿಯನ್ನು ಉಂಟುಮಾಡುತ್ತವೆ. ಕಂದು ಬಣ್ಣವು ಬೆಳಕನ್ನು ತಡೆದು ನೀರಿನ ಪಾಚಿ ಮತ್ತು ಸಸ್ಯಗಳ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಬೇಸಿಗೆಯಲ್ಲಿ ಸತ್ತ ಮೀನುಗಳು ದಡಕ್ಕೆ ತೇಲಿಬರುವುದು ಇಂತಹ ಕಾರಣಗಳಿಂದ. ಇದು ಯಾರ ಕಣ್ಣಿಗೂ ಬೀಳುವ ಹಾನಿ.

ಎರಡನೆಯದು ನಿಧಾನ ಪರಿಣಾಮ. ಶುದ್ಧೀಕರಣ ಘಟಕ ಸರಿಯಾಗಿ ಕೆಲಸ ಮಾಡಿದಾಗ ತಕ್ಷಣದ ಸಾವು ಬಹುತೇಕ ನಿಲ್ಲುತ್ತದೆ. ಆದರೆ ಅಲ್ಪ ಪ್ರಮಾಣದಲ್ಲಿ ಉಳಿದ ವಸ್ತುಗಳು ವರ್ಷಗಳ ಕಾಲ ಮೀನಿನ ದೇಹವನ್ನು ಪ್ರವೇಶಿಸುತ್ತಿರುತ್ತವೆ. ಯಕೃತ್ತು ಅವುಗಳನ್ನು ಒಡೆಯಲು ವಿಶೇಷ ಕಿಣ್ವಗಳನ್ನು ಹೆಚ್ಚಾಗಿ ಉತ್ಪಾದಿಸುತ್ತದೆ ಮತ್ತು ಗಾತ್ರದಲ್ಲಿ ಹಿಗ್ಗುತ್ತದೆ. ರಕ್ತದಲ್ಲಿ ಲೈಂಗಿಕ ಹಾರ್ಮೋನುಗಳ ಮಟ್ಟ ತಗ್ಗುತ್ತದೆ. ಅಂಡಾಶಯ ಮತ್ತು ವೃಷಣಗಳು ವಯಸ್ಸಿಗೆ ತಕ್ಕಷ್ಟು ಬೆಳೆಯುವುದಿಲ್ಲ. ಮೀನು ತಡವಾಗಿ ಪ್ರೌಢಾವಸ್ಥೆಗೆ ಬರುತ್ತದೆ, ಕಡಿಮೆ ಮೊಟ್ಟೆ ಇಡುತ್ತದೆ.

ವಾಣಿಜ್ಯದ ಪರಿಭಾಷೆಯಲ್ಲಿ ಹೇಳುವುದಾದರೆ, ಮೀನಿನ ಆಹಾರ ಅದರ ಆದಾಯ. ಮೈಬೆಳವಣಿಗೆ ಅದರ ಆಸ್ತಿ. ಯಕೃತ್ತಿನಲ್ಲಿರುವುದು ಅದರ ಮೀಸಲು ನಿಧಿ. ಅಂಡಾಶಯಕ್ಕೆ ಸಲ್ಲುವುದು ಮುಂದಿನ ಪೀಳಿಗೆಗಾಗಿ ಹೂಡುವ ಬಂಡವಾಳ. ಆದಾಯವಿದ್ದೂ ಬಂಡವಾಳ ಹೂಡಿಕೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿರುವ ಸಂಸ್ಥೆಯನ್ನು ಯಾವ ಲೆಕ್ಕಪರಿಶೋಧಕನೂ ಆರೋಗ್ಯಕರವೆಂದು ಕರೆಯುವುದಿಲ್ಲ.

ಮೂರು ನಿದರ್ಶನಗಳು

ಸ್ವೀಡನ್ನಿನ ನೋರ್‌ಸುಂಡೆಟ್: ಬೋತ್ನಿಯಾ ಕೊಲ್ಲಿಯ ದಡದ ಈ ಊರಿನಲ್ಲಿ ಬಿಳುಪು ತಿರುಳಿನ ಕಾರ್ಖಾನೆಯಿತ್ತು. 1980ರ ದಶಕದಲ್ಲಿ ಅಲ್ಲಿನ ಪರ್ಚ್ ಮೀನುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಯಕೃತ್ತಿನ ಕಿಣ್ವಗಳು ಬಹುವಾಗಿ ಏರಿರುವುದನ್ನೂ ಜನನಗ್ರಂಥಿಗಳು ಚಿಕ್ಕದಾಗಿರುವುದನ್ನೂ ಪ್ರೌಢಾವಸ್ಥೆ ತಡವಾಗುತ್ತಿರುವುದನ್ನೂ ದಾಖಲಿಸಿದರು. ಈ ಫಲಿತಾಂಶಗಳು ಸ್ವೀಡನ್ನಿನ ಕಾಗದ ಉದ್ಯಮ ಕ್ಲೋರಿನ್ ಅನಿಲವನ್ನು ಕೈಬಿಡುವ ದಿಕ್ಕಿನಲ್ಲಿ ಸಾಗಲು ಮುಖ್ಯ ಕಾರಣಗಳಲ್ಲಿ ಒಂದಾದವು.

ಅಮೆರಿಕದ ಫೆನ್‌ಹಾಲೋವೇ ನದಿ: ಫ್ಲಾರಿಡಾ ರಾಜ್ಯದ ಶಾಸನಸಭೆ 1947ರಲ್ಲಿ ಈ ಸಣ್ಣ ನದಿಯನ್ನು ಕೈಗಾರಿಕಾ ಬಳಕೆಯ ನದಿಯೆಂದು ಘೋಷಿಸಿ ಉದ್ಯಮವನ್ನು ಆಹ್ವಾನಿಸಿತು. 1954ರಲ್ಲಿ ಪೆರಿ ಪಟ್ಟಣದ ಬಳಿ ಸೆಲ್ಯುಲೋಸ್ ಕಾರ್ಖಾನೆ ಕಾರ್ಯಾರಂಭ ಮಾಡಿತು. ಅನಂತರ ನಡೆದ ಅಧ್ಯಯನವೊಂದು, ಕಾರ್ಖಾನೆಯ ಕೆಳಭಾಗದಲ್ಲಿ ಸೊಳ್ಳೆಮೀನಿನ ಹೆಣ್ಣುಗಳಲ್ಲಿ ಗಂಡುಮೀನಿಗೆ ಮಾತ್ರ ಇರಬೇಕಾದ ಉದ್ದನೆಯ ರೆಕ್ಕೆಯಂತಹ ಅಂಗ ಬೆಳೆದಿರುವುದನ್ನು ವರದಿ ಮಾಡಿತು. ಆ ಮೀನುಗಳು ಸತ್ತಿರಲಿಲ್ಲ. ನೋಟಕ್ಕೆ ಚುರುಕಾಗಿಯೇ ಇದ್ದವು. 1997ರಲ್ಲಿ ನದಿಯ ಕೈಗಾರಿಕಾ ವರ್ಗೀಕರಣವನ್ನು ರದ್ದುಪಡಿಸಿ, ಮೀನುಗಾರಿಕೆ ಮತ್ತು ಸ್ನಾನಕ್ಕೆ ಯೋಗ್ಯವಾಗಿರಬೇಕಾದ ನೀರಿನ ವರ್ಗಕ್ಕೆ ಅದನ್ನು ಸೇರಿಸಲಾಯಿತು. ಸರ್ಕಾರವೇ ನೀಡಿದ್ದ ರಿಯಾಯಿತಿ ಅರ್ಧ ಶತಮಾನದ ಬಳಿಕ ಹಿಂದೆಗೆಯಲ್ಪಟ್ಟ ಈ ಪ್ರಕರಣವು ಉದ್ಯಮಿಗಳಿಗೆ ಪಾಠಪ್ರಾಯವಾಗಿದೆ.

ಕೆನಡಾದ ಜ್ಯಾಕ್‌ಫಿಶ್ ಕೊಲ್ಲಿ: ಒಂಟಾರಿಯೋ ಪ್ರಾಂತದ ಟೆರೇಸ್ ಬೇ ಎಂಬ ಊರಿನ ತಿರುಳು ಕಾರ್ಖಾನೆ 1948ರಲ್ಲಿ ಆರಂಭವಾಯಿತು. ಅದರ ತ್ಯಾಜ್ಯನೀರು ಬ್ಲ್ಯಾಕ್‌ಬರ್ಡ್ ಎಂಬ ತೊರೆಯ ಮೂಲಕ ಸುಪೀರಿಯರ್ ಸರೋವರದ ಜ್ಯಾಕ್‌ಫಿಶ್ ಕೊಲ್ಲಿಯನ್ನು ಸೇರುತ್ತಿತ್ತು. 1980ರ ದಶಕದ ಕೊನೆಯಲ್ಲಿ ಸಂಶೋಧಕರು ಅಲ್ಲಿ ವೈಟ್ ಸಕರ್ ಎಂಬ, ತಳದಲ್ಲಿ ಮೇಯುವ ಮೀನನ್ನು ಪರೀಕ್ಷಿಸಿದರು. ತಡವಾದ ಪ್ರೌಢಾವಸ್ಥೆ, ಚಿಕ್ಕ ಜನನಗ್ರಂಥಿ, ಕಡಿಮೆ ಹಾರ್ಮೋನು, ಹಿಗ್ಗಿದ ಯಕೃತ್ತು ಎಲ್ಲವೂ ಕಂಡುಬಂದವು. 1989ರಲ್ಲಿ ಕಾರ್ಖಾನೆಯು ದ್ವಿತೀಯ ಹಂತದ ಜೈವಿಕ ಶುದ್ಧೀಕರಣ ವ್ಯವಸ್ಥೆಯನ್ನು ಅಳವಡಿಸಿತು. ತ್ಯಾಜ್ಯನೀರಿನ ತಕ್ಷಣದ ವಿಷಗುಣ ಬಹಳವಾಗಿ ತಗ್ಗಿತು. ಆದರೂ 1990ರ ದಶಕದ ಆರಂಭದ ಪರೀಕ್ಷೆಗಳಲ್ಲಿ ಮೀನಿನ ಸಂತಾನ ಸಂಬಂಧಿ ದೋಷಗಳು ಮುಂದುವರಿದಿದ್ದವು. ಕಾರ್ಖಾನೆ ನಿರ್ವಹಣೆಗಾಗಿ ಅಲ್ಪಕಾಲ ನಿಂತಾಗ ಯಕೃತ್ತಿನ ಕಿಣ್ವದ ಮಟ್ಟ ಇಳಿಯುತ್ತಿದ್ದುದೂ ಗಮನಕ್ಕೆ ಬಂತು. ಅಂದರೆ ಹಾನಿಯ ಒಂದು ಭಾಗವು ನಿತ್ಯವೂ ಬರುತ್ತಿದ್ದ ನೀರಿನಿಂದಲೇ ಆಗುತ್ತಿತ್ತು. ಅದು ನಿಂತರೆ ಚೇತರಿಕೆಗೆ ಅವಕಾಶವೂ ಇತ್ತು. 2011ರಲ್ಲಿ ಜ್ಯಾಕ್‌ಫಿಶ್ ಕೊಲ್ಲಿಯನ್ನು ಚೇತರಿಕೆಯ ಹಾದಿಯಲ್ಲಿರುವ ಪ್ರದೇಶವೆಂದು ಅಧಿಕೃತವಾಗಿ ಗುರುತಿಸಲಾಯಿತು.

ಈ ಕಾರ್ಖಾನೆಯನ್ನು 2012ರಲ್ಲಿ ಭಾರತದ ಆದಿತ್ಯ ಬಿರ್ಲಾ ಸಮೂಹ ಖರೀದಿಸಿತು. 2024ರ ಜನವರಿಯಲ್ಲಿ ಅಲ್ಲಿ ಉತ್ಪಾದನೆ ಸ್ಥಗಿತಗೊಂಡಿತು. ಮೇಲೆ ಹೇಳಿದ ಅಧ್ಯಯನಗಳು ಆ ಖರೀದಿಗಿಂತ ಎರಡು ದಶಕ ಹಿಂದಿನವು. ಭಾರತೀಯ ಉದ್ಯಮಗಳು ಹೊರದೇಶಗಳಲ್ಲಿ ಕಾರ್ಖಾನೆಗಳನ್ನು ಕೊಳ್ಳುತ್ತಿರುವ ಇಂದಿನ ಕಾಲದಲ್ಲಿ, ಯಂತ್ರ, ಜಮೀನುಗಳ ಜೊತೆಗೆ ಆ ಸ್ಥಳದ ನೀರಿನ ಚರಿತ್ರೆಯನ್ನೂ ಖರೀದಿಗೆ ಮುನ್ನ ಪರಿಶೀಲಿಸಬೇಕೆಂಬುದಕ್ಕೆ ಇದು ಉದಾಹರಣೆ.

ಕಾರಣ ಕ್ಲೋರಿನ್ ಮಾತ್ರವೇ?

ಆರಂಭದಲ್ಲಿ ಎಲ್ಲ ದೋಷವನ್ನೂ ಕ್ಲೋರಿನ್ ಮೇಲೆ ಹೊರಿಸಲಾಗಿತ್ತು. ಆದರೆ ಬಿಳುಪು ಹಂತವೇ ಇಲ್ಲದ ಕಾರ್ಖಾನೆಗಳ ಕೆಳಭಾಗದಲ್ಲಿಯೂ ಇಂತಹ ಲಕ್ಷಣಗಳು ಕಂಡುಬಂದವು. ಆಗ ಗಮನವು ಮರದಲ್ಲಿಯೇ ಇರುವ ವಸ್ತುಗಳ ಕಡೆಗೆ ತಿರುಗಿತು. ಬೀಟಾ-ಸಿಟೊಸ್ಟೆರಾಲ್ ಎಂಬ ಸಸ್ಯಜನ್ಯ ವಸ್ತುವು ಹೊನ್ನಮೀನಿನಲ್ಲಿ ಲೈಂಗಿಕ ಹಾರ್ಮೋನಿನ ಮಟ್ಟವನ್ನು ತಗ್ಗಿಸುತ್ತದೆಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ಬ್ಲ್ಯಾಕ್ ಲಿಕರ್ ಅನ್ನು ಗಟ್ಟಿಯಾಗಿಸುವಾಗ ದೊರೆಯುವ ಆವಿಯ ನೀರಿನಲ್ಲಿಯೂ ಇಂತಹ ವಸ್ತುಗಳಿರುವುದು ಕೆನಡಾದ ಅಧ್ಯಯನಗಳಿಂದ ತಿಳಿದುಬಂತು.

ಆದುದರಿಂದ ಕ್ಲೋರಿನ್ ಬಿಟ್ಟೆವು, ಇನ್ನು ಚಿಂತೆಯಿಲ್ಲ ಎಂಬ ನಿಲುವು ಸರಿಯಲ್ಲ. ಮರದಿಂದ ಕರಗಿದ ವಸ್ತು ಎಷ್ಟು ಪ್ರಮಾಣದಲ್ಲಿ ಚರಂಡಿಗೆ ಸೋರುತ್ತದೆ ಎಂಬುದು ಅಷ್ಟೇ ಮುಖ್ಯ. ಈ ಸೋರಿಕೆ ಕಾರ್ಖಾನೆಗೆ ನೇರ ನಷ್ಟವೂ ಹೌದು. ಸೋರಿದ ಬ್ಲ್ಯಾಕ್ ಲಿಕರ್‌ನೊಡನೆ ಇಂಧನವೂ ಕ್ಷಾರವೂ ಹೋಗುತ್ತವೆ.

ಮೀನನ್ನೇ ಅಳೆಯುವ ಕೆನಡಾದ ವಿಧಾನ

ಕೆನಡಾ ದೇಶವು 1992ರಲ್ಲಿ ಮೀನುಗಾರಿಕೆ ಕಾಯ್ದೆಯಡಿ ತಿರುಳು ಮತ್ತು ಕಾಗದ ತ್ಯಾಜ್ಯನೀರಿನ ಹೊಸ ನಿಯಮಗಳನ್ನು ಜಾರಿಗೆ ತಂದಿತು. ಬಿಒಡಿ ಮತ್ತು ತೇಲುವ ಕಣಗಳ ಮಿತಿಯೊಂದಿಗೆ, ಶೇಕಡಾ 100ರಷ್ಟು ತ್ಯಾಜ್ಯನೀರಿನಲ್ಲಿ ರೇನ್‌ಬೋ ಟ್ರೌಟ್ ಮೀನುಗಳನ್ನು 96 ಗಂಟೆ ಇರಿಸಿ, ಅರ್ಧಕ್ಕಿಂತ ಹೆಚ್ಚು ಸಾಯಬಾರದೆಂಬ ನಿಬಂಧನೆಯನ್ನೂ ವಿಧಿಸಿತು. ಇಷ್ಟಕ್ಕೇ ನಿಲ್ಲದೆ, ಕಾರ್ಖಾನೆಗಳು ಕೆಲವು ವರ್ಷಗಳಿಗೊಮ್ಮೆ ನೀರು ಸೇರುವ ಜಾಗದ ಮೀನುಗಳನ್ನೇ ಹಿಡಿದು ಪರೀಕ್ಷಿಸಬೇಕೆಂಬ ಪರಿಸರ ಪರಿಣಾಮ ನಿಗಾ ಯೋಜನೆಯನ್ನು ಕಡ್ಡಾಯಗೊಳಿಸಿತು.

ಈ ಯೋಜನೆಯಲ್ಲಿ ಅಳೆಯುವುದು ಸರಳವಾದ ಸಂಗತಿಗಳನ್ನು: ಮೀನಿನ ವಯಸ್ಸು, ವಯಸ್ಸಿಗೆ ತಕ್ಕ ತೂಕ, ಉದ್ದಕ್ಕೆ ತಕ್ಕ ತೂಕ, ಯಕೃತ್ತಿನ ತೂಕ, ಜನನಗ್ರಂಥಿಯ ತೂಕ. ತ್ಯಾಜ್ಯನೀರು ತಲುಪುವ ಜಾಗದ ಮೀನನ್ನೂ ತಲುಪದ ಜಾಗದ ಅದೇ ಜಾತಿಯ ಮೀನನ್ನೂ ಹೋಲಿಸಲಾಗುತ್ತದೆ. ಜನನಗ್ರಂಥಿ ಮತ್ತು ಯಕೃತ್ತಿನ ತೂಕದಲ್ಲಿ ಶೇಕಡಾ 25, ಉದ್ದಕ್ಕೆ ತಕ್ಕ ತೂಕದಲ್ಲಿ ಶೇಕಡಾ 10ರಷ್ಟು ವ್ಯತ್ಯಾಸ ಕಂಡರೆ ಅದನ್ನು ಗಂಭೀರವೆಂದು ಪರಿಗಣಿಸಿ ಕಾರಣವನ್ನು ಹುಡುಕಬೇಕು.

ದೇಶದ ಎಲ್ಲ ಕಾರ್ಖಾನೆಗಳ ಫಲಿತಾಂಶವನ್ನು ಒಟ್ಟುಗೂಡಿಸಿದಾಗ ಒಂದು ವಿಚಿತ್ರ ಚಿತ್ರಣ ಮೂಡಿತು. ತ್ಯಾಜ್ಯನೀರಿನ ಜಾಗದ ಮೀನುಗಳು ಸರಾಸರಿಯಲ್ಲಿ ಹೆಚ್ಚು ದಪ್ಪವಾಗಿದ್ದವು, ಯಕೃತ್ತು ದೊಡ್ಡದಿತ್ತು. ಆದರೆ ಜನನಗ್ರಂಥಿ ಚಿಕ್ಕದಿತ್ತು. ತ್ಯಾಜ್ಯನೀರಿನ ಪೋಷಕಾಂಶದಿಂದ ಆಹಾರ ಹೇರಳವಾಗಿದ್ದರೂ ಆ ಶಕ್ತಿ ಸಂತಾನದ ಕಡೆಗೆ ಹೋಗುತ್ತಿರಲಿಲ್ಲ. ದಪ್ಪ ಮೀನನ್ನು ಕಂಡು ನದಿ ಚೆನ್ನಾಗಿದೆಯೆಂದು ತೀರ್ಮಾನಿಸುವುದು, ವಹಿವಾಟಿನ ಮೊತ್ತವನ್ನು ಮಾತ್ರ ನೋಡಿ ಸಂಸ್ಥೆಯ ಆರೋಗ್ಯವನ್ನು ನಿರ್ಧರಿಸಿದಂತೆಯೇ ಸರಿ.

ಪರಿಹಾರದ ಕುರಿತೂ ಅಲ್ಲಿ ಸಂಶೋಧನೆ ನಡೆಯಿತು. ಶುದ್ಧೀಕರಿಸಿದ ನೀರಿನ ಬಿಒಡಿ ಲೀಟರಿಗೆ 20 ಮಿಲಿಗ್ರಾಂ ಮೀರಿದಾಗ ಪ್ರಯೋಗಾಲಯದ ಮೀನುಗಳ ಮೊಟ್ಟೆಯಿಡುವಿಕೆ ಕುಗ್ಗುವ ಸಂಭವ ಹೆಚ್ಚೆಂದು ಕಂಡುಬಂತು. ಸಾವಯವ ವಸ್ತುವಿನ ಸೋರಿಕೆಯನ್ನು ತಡೆದು ಜೈವಿಕ ಶುದ್ಧೀಕರಣವನ್ನು ಸ್ಥಿರವಾಗಿ ನಡೆಸುವುದೇ ಅವರು ಸೂಚಿಸಿದ ಮುಖ್ಯ ದಾರಿ.

ಭಾರತದ ಕಾನೂನು

ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ, 1974ರ ಅನ್ವಯ ತ್ಯಾಜ್ಯನೀರನ್ನು ಹೊರಬಿಡಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಕಡ್ಡಾಯ. ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಅಡಿ ದೊಡ್ಡ ಕಾಗದ ಕಾರ್ಖಾನೆಗಳಿಗೆ ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ಸಿಒಡಿ 350 ಮಿಲಿಗ್ರಾಂ ಎಂಬ ಮಿತಿ ನಿಗದಿಯಾಯಿತು. ಅದೇ ನಿಯಮಗಳ ಆರನೆಯ ಅನುಸೂಚಿಯ ಸಾಮಾನ್ಯ ಮಾನದಂಡಗಳಲ್ಲಿ ಒಂದು ಮೀನಿನ ಪರೀಕ್ಷೆಯೂ ಇದೆ: ಶೇಕಡಾ 100ರಷ್ಟು ತ್ಯಾಜ್ಯನೀರಿನಲ್ಲಿ 96 ಗಂಟೆಗಳ ಬಳಿಕ ಶೇಕಡಾ 90ರಷ್ಟು ಮೀನುಗಳು ಬದುಕಿರಬೇಕು.

ಈ ಪರೀಕ್ಷೆ ಕಠಿಣವಾದುದೇ. ಆದರೆ ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ: ನಾಲ್ಕು ದಿನಗಳಲ್ಲಿ ಮೀನು ಸತ್ತಿತೇ, ಬದುಕಿತೇ? ನಾಲ್ಕು ವರ್ಷಗಳ ಬಳಿಕ ಮೊಟ್ಟೆ ಇಟ್ಟಿತೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

2003ರಲ್ಲಿ ಕೇಂದ್ರ ಸರ್ಕಾರ ಮತ್ತು ಉದ್ಯಮಗಳ ನಡುವೆ ರೂಪುಗೊಂಡ ಪರಿಸರ ರಕ್ಷಣೆಯ ಸಾಂಸ್ಥಿಕ ಹೊಣೆಗಾರಿಕೆಯ ಸನ್ನದಿನಲ್ಲಿ, ದೊಡ್ಡ ಕಾಗದ ಕಾರ್ಖಾನೆಗಳು ಎಒಎಕ್ಸ್ ಪ್ರಮಾಣವನ್ನು ಎರಡು ವರ್ಷಗಳಲ್ಲಿ ಟನ್ ಕಾಗದಕ್ಕೆ 1.5 ಕಿಲೋಗ್ರಾಂಗೆ, ಐದು ವರ್ಷಗಳಲ್ಲಿ 1 ಕಿಲೋಗ್ರಾಂಗೆ ಇಳಿಸಬೇಕೆಂದು ಒಪ್ಪಲಾಯಿತು. ತ್ಯಾಜ್ಯನೀರಿನ ಪ್ರಮಾಣವನ್ನು ಟನ್ನಿಗೆ 140 ಘನ ಮೀಟರಿಗೆ, ಬಳಿಕ 120 ಘನ ಮೀಟರಿಗೆ ಇಳಿಸುವ ಗುರಿಯೂ ಅದರಲ್ಲಿತ್ತು. 2014ರಲ್ಲಿ ಕೇಂದ್ರ ಮಂಡಳಿಯು ಕಾಗದ ಉದ್ಯಮವೂ ಸೇರಿದಂತೆ 17 ವರ್ಗಗಳ ಅತಿ ಮಾಲಿನ್ಯಕಾರಕ ಕೈಗಾರಿಕೆಗಳು ತ್ಯಾಜ್ಯನೀರಿನ ಗುಣಮಟ್ಟವನ್ನು ನಿರಂತರವಾಗಿ ಯಂತ್ರದ ಮೂಲಕ ಅಳೆದು ರವಾನಿಸಬೇಕೆಂದು ನಿರ್ದೇಶಿಸಿತು.

ಜಲ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯು ಹಲವು ಉಲ್ಲಂಘನೆಗಳಿಗೆ ಸೆರೆವಾಸದ ಬದಲು 10 ಸಾವಿರ ರೂಪಾಯಿಯಿಂದ 15 ಲಕ್ಷ ರೂಪಾಯಿಯವರೆಗಿನ ದಂಡವನ್ನು ಸೂಚಿಸಿದೆ. ಆರಂಭದಲ್ಲಿ ಅನ್ವಯವಾಗದ ರಾಜ್ಯಗಳು ಇದನ್ನು ವಿಧಾನಮಂಡಲದ ನಿರ್ಣಯದ ಮೂಲಕ ಅಂಗೀಕರಿಸಬೇಕಾಗುತ್ತದೆ. ಆದರೆ ಇದರಿಂದ ಒಟ್ಟು ಹೊಣೆ ಹಗುರವಾಯಿತೆಂದು ಭಾವಿಸಬಾರದು. ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ಎತ್ತಿಹಿಡಿದಿದೆ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಕಾಯ್ದೆ, 2010ರ ಪ್ರಕಾರ ತಪ್ಪು ಸಾಬೀತಾಗದಿದ್ದರೂ ಹಾನಿಗೆ ಪರಿಹಾರ ನೀಡಬೇಕಾಗಬಹುದು. ಪರಿಹಾರ ಕೋರಿ ಅರ್ಜಿ ಸಲ್ಲಿಸಲು ಐದು ವರ್ಷಗಳ ಅವಧಿಯಿದೆ.

ಸರಾಸರಿಯಲ್ಲಿ ಅಡಗಿರುವ ಅಪಾಯ

ಮಿತಿಯೊಳಗಿನ ನೀರು ನದಿಯಲ್ಲಿ ಎಷ್ಟು ತೆಳುವಾಗುತ್ತದೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ದಿನಕ್ಕೆ 200 ಟನ್ ಉತ್ಪಾದಿಸುವ ಕಾರ್ಖಾನೆ ಟನ್ನಿಗೆ 60 ಘನ ಮೀಟರಿನಂತೆ ದಿನಕ್ಕೆ 12,000 ಘನ ಮೀಟರ್ ತ್ಯಾಜ್ಯನೀರನ್ನು ಬಿಡುತ್ತದೆಂದುಕೊಳ್ಳೋಣ. ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಇದ್ದರೆ ದಿನದ ಹೊರೆ 360 ಕಿಲೋಗ್ರಾಂ.

ಮಳೆಗಾಲದಲ್ಲಿ ನದಿಯ ಹರಿವು ಸೆಕೆಂಡಿಗೆ 200 ಘನ ಮೀಟರ್ ಇದ್ದರೆ ಒಟ್ಟು ನೀರಿನಲ್ಲಿ ತ್ಯಾಜ್ಯನೀರಿನ ಪಾಲು ಶೇಕಡಾ 0.07 ಮಾತ್ರ. ಬೇಸಿಗೆಯಲ್ಲಿ ಹರಿವು ಸೆಕೆಂಡಿಗೆ 2 ಘನ ಮೀಟರಿಗೆ ಇಳಿದರೆ ಅದೇ ಪಾಲು ಶೇಕಡಾ 6.5 ಆಗುತ್ತದೆ, ನದಿಯ ಬಿಒಡಿಗೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಸೇರುತ್ತದೆ. ಸ್ನಾನಯೋಗ್ಯ ನೀರಿನ ಬಿಒಡಿ ಮಿತಿಯೇ ಲೀಟರಿಗೆ 3 ಮಿಲಿಗ್ರಾಂ ಎಂಬುದನ್ನು ಇಲ್ಲಿ ನೆನೆಯಬೇಕು. ತ್ಯಾಜ್ಯನೀರು ಸೇರುವ ಸ್ಥಳದಿಂದ 250 ಮೀಟರಿನೊಳಗೆ ಅದರ ಪಾಲು ಶೇಕಡಾ 1 ಮೀರಿದರೆ ಮೀನಿನ ಪರೀಕ್ಷೆ ಅಗತ್ಯವೆಂದು ಕೆನಡಾದ ನಿಯಮ ಹೇಳುತ್ತದೆ. ಆ ಅಳತೆಯಿಂದ ನೋಡಿದರೆ ಭಾರತದ ನದಿಗಳ ಬೇಸಿಗೆಯ ಸ್ಥಿತಿ ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ. ವರ್ಷದ ಸರಾಸರಿ ಅಂಕಿ ಈ ವ್ಯತ್ಯಾಸವನ್ನು ಮರೆಮಾಡುತ್ತದೆ.

ಅದೇ ಕಾರ್ಖಾನೆ ನೀರಿನ ಮರುಬಳಕೆಯಿಂದ ತ್ಯಾಜ್ಯನೀರನ್ನು ಟನ್ನಿಗೆ 40 ಘನ ಮೀಟರಿಗೂ ಬಿಒಡಿಯನ್ನು 20 ಮಿಲಿಗ್ರಾಂಗೂ ಇಳಿಸಿದರೆ ದಿನದ ಹೊರೆ 160 ಕಿಲೋಗ್ರಾಂಗೆ, ಅಂದರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಲೆಕ್ಕಪತ್ರಗಳಲ್ಲಿ ಈ ಹೊಣೆಯ ಸ್ಥಾನ

ಲೆಕ್ಕಪತ್ರ ಮಾನದಂಡ 29 ಮತ್ತು ಭಾರತೀಯ ಲೆಕ್ಕಪತ್ರ ಮಾನದಂಡ 37ರ ಪ್ರಕಾರ, ಹಿಂದೆ ನಡೆದ ಘಟನೆಯಿಂದ ಇಂದು ಹೊಣೆ ಉಂಟಾಗಿದ್ದು, ಹಣ ತೆರಬೇಕಾಗುವ ಸಂಭವ ಹೆಚ್ಚಾಗಿದ್ದು, ಮೊತ್ತವನ್ನು ನಂಬಲರ್ಹವಾಗಿ ಅಂದಾಜಿಸಲು ಸಾಧ್ಯವಿದ್ದರೆ ಅದಕ್ಕೆ ಲೆಕ್ಕದಲ್ಲಿ ಅವಕಾಶ ಕಲ್ಪಿಸಬೇಕು. ಅಷ್ಟು ಖಚಿತವಿಲ್ಲದಿದ್ದರೆ ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಿ ತೋರಿಸಬೇಕು. ಮಂಡಳಿಯ ನೋಟಿಸು, ನ್ಯಾಯಾಧಿಕರಣದ ಮುಂದಿರುವ ಅರ್ಜಿ, ಮೀನುಗಾರರ ಪರಿಹಾರದ ಬೇಡಿಕೆ ಇವೆಲ್ಲ ಈ ದೃಷ್ಟಿಯಿಂದ ಪರಿಶೀಲನೆಗೆ ಒಳಪಡಬೇಕಾದವು.

ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ನೋಂದಾಯಿತ ಕಂಪನಿಗಳು 2022-23ರಿಂದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ನೀಡಬೇಕಾಗಿದೆ. ನೀರಿನ ಬಳಕೆ ಮತ್ತು ವಿಸರ್ಜನೆಯ ವಿವರ ಅದರಲ್ಲಿ ಸೇರಿದೆ. ಇನ್ನೊಂದೆಡೆ, ಹಿಂದೆ ದೊರೆಯುತ್ತಿದ್ದ ಕೆಲವು ಸೌಲಭ್ಯಗಳು ಈಗಿಲ್ಲ. ಜಲ ಮಾಲಿನ್ಯ ನಿಯಂತ್ರಣ ಯಂತ್ರಗಳಿಗಿದ್ದ ಶೇಕಡಾ 100ರ ಸವಕಳಿ ದರ 2017-18ರಿಂದ ಶೇಕಡಾ 40ಕ್ಕೆ ಇಳಿಯಿತು. ಶುದ್ಧೀಕರಣ ಘಟಕ ಹೊಂದಿದವರಿಗೆ ರಿಯಾಯಿತಿ ನೀಡುತ್ತಿದ್ದ ಜಲ ಮೇಲ್ತೆರಿಗೆಯ ಕಾಯ್ದೆಯೇ 2017ರಲ್ಲಿ ಜಿಎಸ್‌ಟಿಯೊಂದಿಗೆ ರದ್ದಾಯಿತು. ಆದುದರಿಂದ ಶುದ್ಧೀಕರಣದ ಹೂಡಿಕೆಯನ್ನು ತೆರಿಗೆ ಉಳಿತಾಯದ ದೃಷ್ಟಿಯಿಂದ ಮಾತ್ರ ಅಳೆಯುವುದು ಇಂದು ಸಾಲದು. ತಪ್ಪಿಸಿದ ಹೊಣೆ, ಉಳಿದ ರಾಸಾಯನಿಕ ಮತ್ತು ಉಳಿದ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಬಿಒಡಿ, ಸಿಒಡಿ ಅಂಕಿಗಳನ್ನು ನದಿಯ ಹರಿವಿನೊಂದಿಗೆ ಸೇರಿಸಿ ತಿಂಗಳುವಾರು ಓದಬೇಕು. ಬೇಸಿಗೆಯ ಮೂರು ತಿಂಗಳುಗಳಿಗೆ ಪ್ರತ್ಯೇಕ ಗುರಿ ಇರಬೇಕು.
2. ಬ್ಲ್ಯಾಕ್ ಲಿಕರ್ ಸೋರಿಕೆಯನ್ನು ದಾಸ್ತಾನು ನಷ್ಟದಂತೆ ಪರಿಗಣಿಸಿ ಪ್ರತಿದಿನ ದಾಖಲಿಸಬೇಕು.
3. ಯಂತ್ರ ನಿಲ್ಲಿಸುವಾಗ ಮತ್ತು ಮತ್ತೆ ಆರಂಭಿಸುವಾಗ ಸೋರಿಕೆ ಹೆಚ್ಚು. ಆ ದಿನಗಳ ನೀರನ್ನು ಹಿಡಿದಿಡಲು ಪ್ರತ್ಯೇಕ ತೊಟ್ಟಿ ಬೇಕು.
4. ಮೀನುಗಾರಿಕೆ ಕಾಲೇಜು ಅಥವಾ ವಿಶ್ವವಿದ್ಯಾಲಯದ ನೆರವಿನಿಂದ ಮೂರು ವರ್ಷಗಳಿಗೊಮ್ಮೆ ಕಾರ್ಖಾನೆಯ ಮೇಲ್ಭಾಗ ಮತ್ತು ಕೆಳಭಾಗದ ಮೀನುಗಳನ್ನು ಹೋಲಿಸಿ ನೋಡಬೇಕು. ತಕ್ಕಡಿ, ಅಳತೆಪಟ್ಟಿ ಮತ್ತು ತರಬೇತಿ ಪಡೆದ ಕೈಗಳೇ ಇದಕ್ಕೆ ಬೇಕಾದ ಮುಖ್ಯ ಸಾಧನಗಳು.
5. ಕೆಳದಂಡೆಯ ಬೆಸ್ತರು ಮತ್ತು ರೈತರ ದೂರುಗಳಿಗೆ ದಿನಾಂಕ ಸಹಿತ ದಾಖಲೆ ಪುಸ್ತಕವಿರಬೇಕು. ಮುಂದೆ ವಿವಾದ ಉಂಟಾದಾಗ ಕಾರ್ಖಾನೆಯ ರಕ್ಷಣೆಗೆ ಬರುವುದೂ ಈ ದಾಖಲೆಯೇ.
6. ಕಾರ್ಖಾನೆಯನ್ನು ಕೊಳ್ಳುವಾಗ ಹಿಂದಿನ ವರ್ಷಗಳ ತ್ಯಾಜ್ಯನೀರಿನ ವರದಿ ಮತ್ತು ನದಿಯ ಅಧ್ಯಯನಗಳನ್ನು ಕೇಳಿ ಪಡೆಯಬೇಕು.

ಕಾಗದ ಕಾರ್ಖಾನೆಗಳು ಊರುಗಳನ್ನು ಕಟ್ಟಿವೆ. ಭದ್ರಾವತಿಯ ಕಾರ್ಖಾನೆ ಆರ್ಥಿಕ ಕಾರಣಗಳಿಂದ ಉತ್ಪಾದನೆ ನಿಲ್ಲಿಸಿದಾಗ ಆ ಪಟ್ಟಣ ಕಳೆದುಕೊಂಡುದು ಏನೆಂಬುದನ್ನು ಅಲ್ಲಿನ ವ್ಯಾಪಾರಿಗಳು ಬಲ್ಲರು. ಕೆಳದಂಡೆಯಲ್ಲಿ ಬಲೆ ಬೀಸಿ ಬದುಕುವವನಿಗೆ ನದಿಯೇ ಕಾರ್ಖಾನೆ. ಅದರ ಉತ್ಪಾದನೆ ಕುಗ್ಗಿದರೆ ಯಾವ ಪತ್ರಿಕೆಯೂ ಬೀಗಮುದ್ರೆಯ ಸುದ್ದಿ ಬರೆಯುವುದಿಲ್ಲ. ಎರಡೂ ಉಳಿಯುವಂತೆ ನಡೆಸುವುದು ಸಾಧ್ಯವೆಂದು ಜ್ಯಾಕ್‌ಫಿಶ್ ಕೊಲ್ಲಿಯ ಚೇತರಿಕೆ ತಿಳಿಸುತ್ತದೆ. ಅದಕ್ಕೆ ಮೊದಲ ಹೆಜ್ಜೆ, ಮೀನು ಸತ್ತಿಲ್ಲವೆಂಬ ಸಮಾಧಾನವನ್ನು ಬಿಟ್ಟು, ಅದು ಆರೋಗ್ಯವಾಗಿದೆಯೇ ಎಂದು ಅಳೆದು ನೋಡುವುದು.